ಬೆಳ್ಳಿ ಕಾಣದ ತಲೆ

“ಅರವತ್ತೆಂಟು.”

ರಮ್ಯಾ ಅಷ್ಟೇ ಹೇಳಿದಳು. ಹೇಳಿದವಳು ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಕಂಪ್ಯೂಟರಿನ ಕರಿ ಪರದೆಯ ಮೇಲೆ ಚಿತ್ರವಿರಲಿಲ್ಲ, ಬಣ್ಣವಿರಲಿಲ್ಲ. ಅವಳು ಒತ್ತಿದ ಒಂದು ಸಾಲು ಕಮಾಂಡು, ಅದರ ಕೆಳಗೆ ಒಂದು ಅಂಕಿ. ಒಬ್ಬ ಮನುಷ್ಯನ ಹಣೆಬರಹ ಇಷ್ಟು ಚಿಕ್ಕದಾಗಿ ಮೂಡೀತೆಂದು ಇನ್ಸ್‌ಪೆಕ್ಟರ್ ಲಕ್ಷ್ಮೀಕಾಂತ್ ಎಣಿಸಿರಲಿಲ್ಲ.

“ಅಂದ್ರೆ?”

“ಹೊಸ ರಕ್ತ ಸಾರ್. ಪೆಟ್ಟು ಬಿದ್ದು ಒಂದು ದಿನ, ಹೆಚ್ಚಂದ್ರೆ ಎರಡು ದಿನ. ಅಜ್ಜಿ ಹೇಳಿದಂಗೆ ತಿಂಗಳ ಹಿಂದಿನ ಪೆಟ್ಟಾಗಿದ್ರೆ ಈ ಅಂಕಿ ಇಪ್ಪತ್ತರ ಆಸುಪಾಸಿಗೆ ಇಳಿದಿರಬೇಕಿತ್ತು.”

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಬಸಮ್ಮ ಇಬ್ಬರ ಮುಖವನ್ನೂ ನೋಡಿದಳು. ಅಂಕಿಯ ಅರ್ಥ ಅವಳಿಗೆ ಆಗಲಿಲ್ಲ. ಮುಖಗಳ ಅರ್ಥ ಆಯಿತು.

ಬಾಗೂರಿನ ಈ ಮುದುಕಿಯ ಹಿರಿಯ ಮಗ ಮುರುಗಪ್ಪ ಮಣ್ಣು ಸೇರಿ ಎರಡು ತಿಂಗಳಾಗಿತ್ತು. ಸ್ಕ್ಯಾನಿಗೆ ಒಯ್ದ ಹಿಂದಿನ ದಿನ ಅವನ ತಲೆಗೆ ಗುದ್ದಲಿ ಕಾವಿನಿಂದ ಹೊಡೆದು ಕೊಂದನೆಂದು ಕಿರಿಯ ಮಗ ಕೊಟ್ರೇಶ ಜೈಲು ಸೇರಿದ್ದ. ನಾಳೆ ಬೆಳಿಗ್ಗೆ ಲಕ್ಷ್ಮೀಕಾಂತ್ ಕೋರ್ಟಿಗೆ ದೋಷಾರೋಪ ಪಟ್ಟಿ ಸಲ್ಲಿಸಬೇಕು. ಅದು ಒಂದು ಸಲ ಒಳಗೆ ಹೋಯಿತೆಂದರೆ ಕೊಟ್ರೇಶ ಹೊರಗೆ ಬರುವ ಮಾತು ವರ್ಷಗಳ ಮಾತು.

“ಸಾಹೇಬ್ರೆ,” ಎಂದಳು ಬಸಮ್ಮ, “ಮೆಷೀನು ಸುಳ್ಳು ಹೇಳಾದಿಲ್ವಾ?”

“ಸುಳ್ಳು ಹೇಳೋದು ನಾವು ಅಜ್ಜಿ. ಅದಕ್ಕೆ ಬಾಯಿಲ್ಲ.”

“ನನ್ ಮಗ ಒಂದು ತಿಂಗಳು ತಲೆ ನೋಯ್ತೈತೆ ಅಂತ ವೀಳ್ಯದೆಲೆ ಅಂಟಿಸ್ಕಂಡು ಕುಂತಿರ್ತಿದ್ದ. ಎಡಗಾಲು ಎಳೀತಿದ್ದ. ಕೊಟ್ರ ಹೊಡೆದಿದ್ದು ಆಮೇಲೆ. ನೀರು ಬಿಡೋ ಸರದಿಗೆ ಜಗಳ ಆಗಿ ಒಂದೇಟು ಕೊಟ್ಟ, ಅದೂ ಬೆನ್ನಿಗೆ. ನಾನೇ ನೋಡೀನಿ.”

ಇದೇ ಮಾತನ್ನು ಅವಳು ಠಾಣೆಗೆ ಹನ್ನೊಂದು ಸಲ ಬಂದು ಹೇಳಿದ್ದಳು. ಹನ್ನೆರಡನೆಯ ಸಲ ಲಕ್ಷ್ಮೀಕಾಂತನ ಮನಸ್ಸು ತಡೆಯಲಿಲ್ಲ. ಸ್ಕ್ಯಾನಿಂಗ್ ಸೆಂಟರಿನವರು ಫಿಲ್ಮಿನ ಜೊತೆಗೆ ಕೊಟ್ಟಿದ್ದ ಸಿ.ಡಿ.ಯನ್ನು ಹಿಡಿದು, ದುರ್ಗದ ಈ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಹೊಳಲ್ಕೆರೆಯ ಹುಡುಗಿ ರಮ್ಯಾಳ ಮುಂದೆ ಇಟ್ಟಿದ್ದ. ಅವಳ ಪಿಎಚ್.ಡಿ. ವಿಷಯವೇ ಮಿದುಳಿನ ಚಿತ್ರಗಳೊಳಗಿನ ಅಂಕಿ.

ಬೆಳಿಗ್ಗೆ ಅವಳು ಸಮಾಧಾನವಾಗಿ ಬಿಡಿಸಿ ಹೇಳಿದ್ದಳು. ಯಂತ್ರ ತಲೆಯನ್ನು ಈರುಳ್ಳಿ ಹೋಳಿನಂತೆ ತೆಳ್ಳಗೆ ಹೆಚ್ಚಿ ನೋಡುತ್ತದೆ. ಪ್ರತಿ ಹೋಳನ್ನೂ ಸಾವಿರಾರು ಸಣ್ಣ ಚೌಕ ಮಾಡಿ, ಪ್ರತಿ ಚೌಕಕ್ಕೆ ಒಂದು ಅಂಕಿ ಬರೆಯುತ್ತದೆ. ನೀರಿಗೆ ಸೊನ್ನೆ. ಗಾಳಿಗೆ ಸೊನ್ನೆಗಿಂತ ಸಾವಿರ ಕಡಿಮೆ. ಮೂಳೆಗೆ ಸಾವಿರ, ಕೆಲವು ಕಡೆ ಇನ್ನೂ ಮೇಲೆ. ಫಿಲ್ಮಿನಲ್ಲಿ ಕಪ್ಪು ಬಿಳುಪನ್ನು ಬೇಕಾದಂತೆ ತಿರುವಬಹುದು, ಹಳೆಯ ರಕ್ತವನ್ನೂ ಹೊಸದರಂತೆ ಬೆಳ್ಳಗೆ ತೋರಿಸಬಹುದು. ಅದಕ್ಕೇ ತಾನು ಚಿತ್ರ ನೋಡುವುದಿಲ್ಲ, ಇಂಥ ಹೋಳಿನ ಇಂಥ ಚೌಕಗಳ ಅಂಕಿ ಎಷ್ಟೆಂದು ಕಮಾಂಡು ಕೊಟ್ಟು ಕೇಳುತ್ತೇನೆ, ಎಂದಿದ್ದಳು.

“ನನ್ ಮುರುಗನ ತಲೆಯೊಳಗೆ ಇಷ್ಟು ಲೆಕ್ಕ ಇತ್ತಾ ತಾಯಿ?” ಎಂದು ಬಸಮ್ಮ ಆಗ ಬೊಚ್ಚುಬಾಯಿ ಬಿಟ್ಟು ನಕ್ಕಿದ್ದಳು. “ಸಾಲಿಯಾಗೆ ಎರಡರ ಮಗ್ಗಿ ದಾಟಲಿಲ್ಲ ಅವ್ನು.”

ಈಗ ಆ ನಗೆ ಎಲ್ಲಿಯೂ ಇರಲಿಲ್ಲ.

ಲಕ್ಷ್ಮೀಕಾಂತ್ ಟೋಪಿ ಎತ್ತಿಕೊಂಡ. ತಪ್ಪು ಮಾಡಿಲ್ಲವೆಂಬ ಸಮಾಧಾನ ಬರಬೇಕಿತ್ತು, ಬರಲಿಲ್ಲ. ಹೂಳಿದ ಎಂಟು ದಿನಕ್ಕೆ ದೂರು ಬಂದಾಗ ಅವನು ಗುಂಡಿ ತೆಗೆಸಬೇಕಿತ್ತು. ಹೊಲದಲ್ಲಿ ಕುಳಿತ ಭಂಗಿಯಲ್ಲಿ ಸಮಾಧಿಯಾಗಿದ್ದವನನ್ನು ಎಬ್ಬಿಸಬೇಡಿ ಎಂದು ಊರವರೆಲ್ಲ ಕೈಮುಗಿದಿದ್ದರು. ಫಿಲ್ಮೇ ಇಷ್ಟು ಚೆನ್ನಾಗಿದೆಯಲ್ಲ ಎಂದು ಅವನೂ ಬಿಟ್ಟಿದ್ದ. ಆ ಫಿಲ್ಮೊಂದೇ ಸಾಕ್ಷಿ.

“ಏಳು ಅಜ್ಜಿ, ಹೋಗಾಣ.”

ಬಸಮ್ಮ ಏಳಲಿಲ್ಲ. ಪರದೆಯತ್ತ ಬಾಗಿ ಬಾಗಿ ನೋಡುತ್ತಿದ್ದಳು.

“ನನ್ನವ್ವ, ಇದ್ರಾಗೆ ಲಿಂಗಪ್ಪ ಎಲ್ಲವ್ನೆ?”

“ಯಾವ ಲಿಂಗಪ್ಪ ಅಜ್ಜಿ?”

“ನನ್ ಮಗನ ಲಿಂಗ ಕಣೆ. ಕೊಳ್ಳಾಗಿನ ಲಿಂಗ. ಬೆಳ್ಳಿ ಕರಡಿಗೇದು. ಆ ಮೆಷೀನಿನವ್ನು ತೆಗೀರಿ ತೆಗೀರಿ ಅಂದ. ಪ್ರಾಣ ಹೋದ್ರೂ ತೆಗೆಯಂಗಿಲ್ಲಪ್ಪ ಅಂದೆ. ಎದೆ ಮೇಲೆ ಬ್ಯಾಡ ಅಂದ್ನಲ್ಲ ಅಂತ ಶಿವದಾರ ಮೋಟು ಮಾಡಿ ಕಿವಿ ಕೆಳಗೆ, ದವಡೆ ಹತ್ರ ಕಟ್ದೆ. ಶಿವ ತಲೆ ಹತ್ರಾನೇ ಇರ್ಲಿ ಅಂತ.”

ರಮ್ಯಾ ಕುರ್ಚಿಯಲ್ಲಿ ನೆಟ್ಟಗಾದಳು.

“ದವಡೆ ಹತ್ರ? ಸ್ಕ್ಯಾನ್ ಆಗೋವಾಗಲೂ ಅಲ್ಲೇ ಇತ್ತಾ? ಖಂಡಿತಾ?”

“ಹೂಂ ತಾಯಿ. ಒಳಗೆ ತಳ್ಳಾಗ ನಾನೇ ಮುಟ್ಟಿ ಕಣ್ಣಿಗೊತ್ಕಂಡೆ.”

ರಮ್ಯಾಳ ಬೆರಳು ಆಗಲೇ ಓಡುತ್ತಿದ್ದವು. ಇನ್ನೊಂದು ಸಾಲು. ಈ ಸಲ ಹೆಪ್ಪುಗಟ್ಟಿದ ರಕ್ತವನ್ನು ಕೇಳಲಿಲ್ಲ, ಇಡೀ ತಲೆಯನ್ನು ಕೇಳಿದಳು: ನಿನ್ನಲ್ಲಿರುವ ಎಲ್ಲಕ್ಕಿಂತ ದೊಡ್ಡ ಅಂಕಿ ಯಾವುದು?

ಸಾವಿರದ ಏಳುನೂರ ನಲವತ್ತೆರಡು.

ಅವಳು ಮತ್ತೊಮ್ಮೆ ಕೇಳಿದಳು. ಅದೇ ಉತ್ತರ. ಕೆಳಗಿನ, ದವಡೆಗೆ ಹತ್ತಿರದ ಹೋಳುಗಳನ್ನಷ್ಟೇ ಕೇಳಿದಳು. ಇನ್ನೂ ಕಡಿಮೆ.

“ಸಾರ್,” ಎಂದಳು. “ಇದು ಮೂಳೆ. ಬರೀ ಮೂಳೆ. ಬೆಳ್ಳಿ ಇದ್ದಿದ್ರೆ ಯಂತ್ರ ಬರೆಯೋ ಕಡೇ ಅಂಕಿ, ಮೂರು ಸಾವಿರದ ಎಪ್ಪತ್ತೊಂದು, ಅಲ್ಲಿಗೆ ಹೋಗಿ ನಿಂತಿರ್ತಿತ್ತು. ಸುತ್ತ ಸೂರ್ಯನ ಕಿರಣದಂಗೆ ಗೆರೆ ಹೊಡೆದಿರ್ತಿತ್ತು. ಈ ತಲೆಯಲ್ಲಿ ಬೆಳ್ಳಿ ಇಲ್ಲ.”

“ಅಜ್ಜಿ ಮರೆತಿರಬಹುದು.”

“ಲಿಂಗಾನ ಮರೀತೀನಾ?” ಬಸಮ್ಮನ ದನಿ ಕೋಣೆಗೆಲ್ಲ ಕೇಳಿಸಿತು. “ನನ್ ಹೆಸ್ರು ಮರೆತೇನು!”

ಲಕ್ಷ್ಮೀಕಾಂತ್ ಟೋಪಿಯನ್ನು ಮತ್ತೆ ಮೇಜಿನ ಮೇಲಿಟ್ಟ. ಕಿಟಕಿಯಾಚೆ ಬೆಟ್ಟದ ಬಂಡೆಗಳು ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು.

“ಹಂಗಾದ್ರೆ ಈ ತಲೆ ಯಾರದ್ದು?”

ರಮ್ಯಾ ಇನ್ನೊಂದು ಫೋಲ್ಡರ್ ತೆರೆದಳು. “ನನ್ನ ಹತ್ರ ನಲವತ್ತಮೂರು ತಲೆಗಳವೆ ಸಾರ್. ಇದೇ ಸೆಂಟರಿನವರು ಓದಿಗೆ ಅಂತ ಕೊಟ್ಟಿದ್ದು. ಏಪ್ರಿಲಿಂದ ಜೂನ್ ಕಡೇವರೆಗೆ ಬಂದ ರೋಗಿಗಳದ್ದು. ಹೆಸರು ಅಳಿಸಿ ಕೊಟ್ಟಿದಾರೆ, ವಯಸ್ಸು ಮತ್ತೆ ಗಂಡೋ ಹೆಣ್ಣೋ ಅನ್ನೋದು ಮಾತ್ರ ಐತೆ. ಮುರುಗಪ್ಪಂದು ಜುಲೈ ಹನ್ನೆರಡು. ಇರಲಾರದು. ಆದ್ರೂ ನೋಡೋಣ.”

ಅವಳು ಒಂದೊಂದೇ ತಲೆಯ ಒಂದೊಂದೇ ಚೌಕದಿಂದ ಸಿ.ಡಿ.ಯ ತಲೆಯ ಅದೇ ಚೌಕವನ್ನು ಕಳೆಯಲು ಯಂತ್ರಕ್ಕೆ ಹೇಳಿದಳು. ವ್ಯತ್ಯಾಸವೆಲ್ಲ ಕೂಡಿ ಒಂದು ತಲೆಗೆ ಒಂದು ಅಂಕಿ. ಸಾಲುಗಳು ನಿಧಾನಕ್ಕೆ ಮೇಲೇರತೊಡಗಿದವು.

ಒಂದನೆಯದು, ಕೋಟಿ ಮೀರಿದ ಅಂಕಿ. ಎರಡನೆಯದು, ಅದೇ. ಮೂರು, ನಾಲ್ಕು. ಕೋಟಿಕೋಟಿ ವ್ಯತ್ಯಾಸ. ದೇವರು ಒಂದು ತಲೆಯಂತೆ ಇನ್ನೊಂದನ್ನು ಮಾಡುವುದಿಲ್ಲ ಎಂಬುದನ್ನು ಆ ಯಂತ್ರ ತನ್ನ ಭಾಷೆಯಲ್ಲಿ ಓದಿ ಹೇಳುತ್ತಿರುವಂತಿತ್ತು.

ಹದಿನೈದು. ಹದಿನಾರು.

ಹದಿನೇಳು: ಸೊನ್ನೆ.

ರಮ್ಯಾ ಬಾಯಿಗೆ ಕೈ ಅಡ್ಡ ಹಿಡಿದಳು.

“ಅವಳಿ ಮಕ್ಕಳದ್ದಾದರೂ ಹಿಂಗೆ ಬರಲ್ಲ ಸಾರ್. ಅದೇ ಮನುಷ್ಯನ್ನ ಐದು ನಿಮಿಷ ಬಿಟ್ಟು ಇನ್ನೊಂದು ಸಲ ತೆಗೆದ್ರೂ ಸೊನ್ನೆ ಬರಲ್ಲ. ಇದು ಅದೇ ಫೈಲು. ಮೇಲೆ ಹೆಸರು ತಾರೀಕು ಬದಲಾಯಿಸಿದಾರೆ. ಮೇಲಿಂದು ಮನುಷ್ಯ ಬರೆಯೋದು. ಒಳಗಿನ ಅಂಕಿ ಬದಲಾಯಿಸೋದು ಯಾರಿಗೂ ಹೊಳೆದಿಲ್ಲ.”

“ಹದಿನೇಳನೆಯದು ಯಾರು?”

ಅವಳು ಇನ್ನೊಂದು ಸಾಲು ಒತ್ತಿದಳು. ತಾರೀಕು ಬಂತು: ಜೂನ್ ಹದಿನಾಲ್ಕು, ೨೦೦೬. ವಯಸ್ಸು: ಮೂವತ್ತನಾಲ್ಕು.

ಅದರ ಕೆಳಗಿನ ಒಂದೇ ಅಕ್ಷರವನ್ನು ಅವಳು ಎರಡು ಸಲ ಓದಿಕೊಂಡಳು.

“ಹೆಂಗಸು ಸಾರ್.”

*

ಸ್ಕ್ಯಾನಿಂಗ್ ಸೆಂಟರಿನ ಒಳಕೋಣೆಯಲ್ಲಿ ಅಂಜನಪ್ಪ ಟಿಫಿನ್ ಡಬ್ಬಿ ಬಿಚ್ಚಿ ಮೊದಲ ತುತ್ತು ಕಲೆಸುತ್ತಿದ್ದ. ಶ್ರೀರಾಂಪುರದ ಕಡೆಯವನು. ಹಣೆಯಲ್ಲಿ ಕುಂಕುಮ, ಜೇಬಿನಲ್ಲಿ ಮೂರು ಪೆನ್ನು. ಒಂಬತ್ತು ವರ್ಷದಿಂದ ಈ ಯಂತ್ರ ನಡೆಸುವವನು ಅವನೇ.

“ಬರ್ರಿ ಸಾರ್, ಕುಂತ್ಕಳ್ರಿ. ಊಟ ಆಯ್ತಾ?”

“ನಿಂದು ಆಗ್ಲಿ ಅಂಜನಪ್ಪ. ಆಮೇಲೆ ಒಂದು ಮಾತು ಹೇಳು. ಬಾಗೂರು ಮುರುಗಪ್ಪನ ತಲೆ ಹೆಣ್ಣಿನ ತಲೆ ಯಾವಾಗ ಆಯ್ತು?”

ಕಲೆಸುತ್ತಿದ್ದ ಕೈ ನಿಂತಿತು.

“ಏನ್ ಸಾರ್ ತಮಾಷೆ ಮಾಡ್ತೀರಾ.”

“ಈ ಮೇಡಂ ತಮಾಷೆ ಮಾಡೋರಲ್ಲ. ಹದಿನೇಳನೇ ಫೈಲು, ಜೂನ್ ಹದಿನಾಲ್ಕು. ಅದನ್ನೇ ತಗಂಡು ಜುಲೈ ಹನ್ನೆರಡು ಅಂತ ಬರೆದಿದೀಯ. ನಿನ್ನ ಫಿಲ್ಮ್ ನಂಬ್ಕಂಡು ನಾನು ಒಬ್ಬನ್ನ ಜೈಲಿಗೆ ಹಾಕಿದೀನಿ. ಹೇಳು, ಎಷ್ಟು ಜನ ಸೇರಿ ಮಾಡಿದ್ರಿ?”

“ಅಯ್ಯೋ, ಸೇರೋದೇನ್ ಸಾರ್!” ಅಂಜನಪ್ಪ ಎದ್ದು ನಿಂತ. ಕೈಯಲ್ಲಿ ಅನ್ನ ಹಾಗೇ ಇತ್ತು. “ಯಾರೂ ಹೇಳ್ಲಿಲ್ಲ. ನಾನೇ. ಆದ್ರೆ ಹೆಂಗಸಿಂದು ಅಂತ ನಂಗೊತ್ತಿಲ್ಲ. ನನ್ ಮಕ್ಳಾಣೆ ಗೊತ್ತಿಲ್ಲ.”

“ಕೈ ತೊಳ್ಕಂಡು ಹೇಳು.”

ಅವನು ತೊಳೆದುಕೊಂಡು ಬಂದ. ಬಾಗಿಲಲ್ಲಿ ನಿಂತಿದ್ದ ಬಸಮ್ಮನನ್ನು ಆಗ ಕಂಡ. ಕಂಡದ್ದೇ ಅವನ ತಲೆ ತಾನಾಗಿ ಬಾಗಿತು.

“ಈ ಅಜ್ಜಿ ಲಿಂಗ ತೆಗೆಯೋಕೆ ಬಿಡ್ಲಿಲ್ಲ ಸಾರ್. ಬೆಳ್ಳಿ ಇದ್ರೆ ಕೆಡ್ತೈತೆ ಅಂತ ನಂಗೊತ್ತು. ಬೇರೆಯವ್ರಾಗಿದ್ರೆ ಕತ್ತರಿಸಿ ಪಕ್ಕಕ್ಕಿಡ್ತಿದ್ರು. ನಾವು ಲಿಂಗ ಕಟ್ಟೋರಲ್ಲ, ಆದ್ರೆ ಕಟ್ಟಿದವರ ಲಿಂಗಕ್ಕೆ ಕೈ ಹಾಕೋ ಜನಾನೂ ಅಲ್ಲ. ನಮ್ಮವ್ವ ಹಂಗೆ ಬೆಳೆಸ್ಲಿಲ್ಲ. ಇದ್ದಂಗೇ ತೆಗೆದೆ. ಕೆಳಗಿನ ಅರ್ಧ ಬರೀ ಗೆರೆ. ಮೇಲಿನ ಅರ್ಧದಾಗೆ ರಕ್ತ ಗಿಕ್ತ ನನ್ ಕಣ್ಣಿಗೆ ಕಾಣ್ಲಿಲ್ಲ.”

“ಇನ್ನೊಂದು ಸಲ ತೆಗೀಬೇಕಿತ್ತು.”

“ಆ ಹೊತ್ತಿಗೆ ಆಂಬುಲೆನ್ಸಿಗೆ ಹಾಕ್ಕಂಡಿದ್ರು ಸಾರ್. ಫಿಲ್ಮ್ ಕೊಡ್ರಿ ಫಿಲ್ಮ್ ಕೊಡ್ರಿ ಅಂತ ಕೌಂಟರಿನಾಗೆ ಹತ್ತು ಜನ. ವರದಿ ಬರೆಯೋ ಡಾಕ್ಟ್ರು ವಾರಕ್ಕೆ ಎರಡು ದಿನ ಬರ್ತಾರೆ. ಕೆಟ್ಟ ಚಿತ್ರ ಕಂಡ್ರೆ ಮುಖದ ಮೇಲೆ ಎಸೀತಾರೆ. ಪಟ್ಟೀಲಿ ಹುಡುಕ್ದೆ. ಅದೇ ಹೆಸ್ರು, ಮುರುಗಪ್ಪ, ಬಾಗೂರು. ತಿಂಗಳ ಹಿಂದಿಂದು. ಚೊಕ್ಕವಾಗಿತ್ತು. ರಕ್ತಾನೂ ಇತ್ತು. ಅದೇ ಮನುಷ್ಯ, ಅದೇ ತಲೆ, ಮುಂಚೆನೂ ತೆಗೆಸ್ಕಂಡು ಹೋಗವ್ನೆ ಅಂತ ತಿಳ್ಕಂಡೆ. ಹೊಸ ಫೈಲಿನ ತಾರೀಕು, ವಿವರ ಹಂಗೇ ಎತ್ತಿ ಅದರ ಮೇಲೆ ಹಾಕ್ದೆ.” ಅವನ ದನಿ ಕುಸಿಯಿತು. “ಸಾಯೋ ಮನುಷ್ಯನಿಗೆ ತಾರೀಕಿಂದ ಏನಾಗ್ತೈತೆ ಅಂದ್ಕಂಡೆ ಸಾರ್. ಕೊಲೆ ಕೇಸಾಗ್ತೈತೆ ಅಂತ ಕನಸು ಬಿದ್ದಿತ್ತಾ?”

“ಜೂನ್ ಹದಿನಾಲ್ಕರದ್ದು ತೆಗೆದವನು ನೀನೇ ಅಲ್ವಾ?”

“ಇಲ್ಲ ಸಾರ್. ಆ ವಾರ ನಾನು ತಂಗಿ ಮದುವೆಗೆ ಊರಾಗಿದ್ದೆ. ಬದಲಿಗೆ ಬಂದವ್ರು ತೆಗೆದಿದ್ದು. ಪಟ್ಟೀಲಿ ಹೆಸ್ರು ತಾರೀಕು ಬಿಟ್ರೆ ಬೇರೇನೂ ಕಾಣಾದಿಲ್ಲ.”

ಲಕ್ಷ್ಮೀಕಾಂತ್ ಗೋಡೆಗೆ ಒರಗಿದ. ದುಷ್ಟನೊಬ್ಬ ಸಿಕ್ಕುತ್ತಾನೆಂದು ಬಂದಿದ್ದ. ಸಿಕ್ಕಿದ್ದು ಲಿಂಗಕ್ಕೆ ಹೆದರಿದ, ಬೈಗುಳಕ್ಕೂ ಹೆದರಿದ ಒಬ್ಬ ಮನುಷ್ಯ. ಎರಡು ಭಯದ ನಡುವೆ ಕೊಟ್ರೇಶ ಸಿಕ್ಕಿಬಿದ್ದಿದ್ದ.

“ಮುರುಗಪ್ಪನ ನಿಜವಾದ ಫೈಲು? ಅಳಿಸಿಬಿಟ್ಯಾ?”

ಅಂಜನಪ್ಪ ಮೂಲೆಯ ದೇವರ ಗೂಡಿನ ಬಳಿ ಹೋದ. ಆಂಜನೇಯನ ಪಟವನ್ನು ಕಣ್ಣಿಗೊತ್ತಿ ಸರಿಸಿ, ಅದರ ಹಿಂದಿನಿಂದ ಒಂದು ಸಿ.ಡಿ. ತೆಗೆದ. ಮೇಲೆ ಅರಿಸಿನದ ಬೆರಳಿನ ಗುರುತು ಅಂಟಿತ್ತು.

“ಜಾಗ ಸಾಲ್ದೆ ಮೆಷೀನಿಂದ ತೆಗೆದೆ ಸಾರ್. ಆದ್ರೆ ಲಿಂಗ ಇರೋ ಚಿತ್ರ. ಬಿಸಾಕೋಕೆ ಕೈ ಬರ್ಲಿಲ್ಲ.”

ಬಸಮ್ಮ ನಿಂತಲ್ಲೇ ಕೈ ಮುಗಿದಳು. ಯಾರಿಗೆಂದು ಹೇಳುವುದು ಕಷ್ಟ.

*

ರಮ್ಯಾ ಲ್ಯಾಪ್‌ಟಾಪನ್ನು ಅಂಜನಪ್ಪನ ಊಟದ ಮೇಜಿನ ಮೇಲೇ ತೆರೆದಳು. ಮೊದಲ ಸಾಲಿಗೇ ಉತ್ತರ ಬಂತು.

ಅತಿ ದೊಡ್ಡ ಅಂಕಿ: ಮೂರು ಸಾವಿರದ ಎಪ್ಪತ್ತೊಂದು.

“ಬೆಳ್ಳಿ,” ಎಂದಳು. “ಇದೇ ಅಜ್ಜಿ, ನಿಮ್ಮ ಮಗ.”

ಬಸಮ್ಮ ಪರದೆಯನ್ನು ಮುಟ್ಟಿ ಬೆರಳನ್ನು ತುಟಿಗೆ ಇಟ್ಟುಕೊಂಡಳು.

ಕೆಳಗಿನ ಹೋಳುಗಳು ಕೆಟ್ಟಿದ್ದವು. ರಮ್ಯಾ ಅವನ್ನು ಬಿಟ್ಟು ನೆತ್ತಿಯತ್ತ ಏರಿದಳು. ಬಲಗಡೆ, ತಲೆಬುರುಡೆಯ ಒಳಮೈಗೆ ಅಂಟಿಕೊಂಡು ಬಾಳೆಹಣ್ಣಿನಾಕಾರದ ಒಂದು ಪಟ್ಟಿಯಿತ್ತು. ಕಣ್ಣಿಗೆ ಮಿದುಳಿಗಿಂತ ತುಸುವೇ ಮಬ್ಬು, ಅಂಜನಪ್ಪನಿಗೆ ಕಾಣದಿದ್ದುದರಲ್ಲಿ ಆಶ್ಚರ್ಯವಿರಲಿಲ್ಲ. ಆ ಪಟ್ಟಿಯ ಚೌಕಗಳನ್ನಷ್ಟೇ ಗುರುತು ಮಾಡಿ ಸರಾಸರಿ ಕೇಳಿದಳು.

ಇಪ್ಪತ್ತೆರಡು.

ರಮ್ಯಾ ಪರದೆಯನ್ನು ಲಕ್ಷ್ಮೀಕಾಂತನತ್ತ ತಿರುಗಿಸಿದಳು.

“ಹಳೇ ರಕ್ತ ಸಾರ್. ಮೂರು ವಾರ ದಾಟಿದೆ. ತಿಂಗಳೇ ಆಗಿರಬಹುದು. ಈ ತಲೆಯಲ್ಲಿ ಹೊಸ ರಕ್ತ ಒಂದು ಚೌಕದಲ್ಲೂ ಇಲ್ಲ. ಸ್ಕ್ಯಾನಿನ ಹಿಂದಿನ ದಿನ ತಲೆಗೆ ಯಾರೂ ಹೊಡೆದೇ ಇಲ್ಲ.”

ಬಸಮ್ಮ ನೆಲಕ್ಕೆ ಕುಸಿದು ಕೂತಳು. ಅಳು ಬಂತೋ ನಗು ಬಂತೋ, ಎರಡೂ ಒಂದೇ ಉಸಿರಿನಲ್ಲಿ ಬಂದವು. “ನಾನು ಹೇಳ್ಲಿಲ್ವಾ! ಬೆನ್ನಿಗೆ ಅಂತ ಹೇಳ್ಲಿಲ್ವಾ! ನನ್ ಕೊಟ್ರ ಕೊಂದಿಲ್ಲ. ತಂದೇ, ಕಣ್ಬಿಟ್ಯಾ!”

ಲಕ್ಷ್ಮೀಕಾಂತ್ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ. ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾರ ಎದುರೂ ಆಡದ ಮಾತನ್ನು ಆಡಿದ. “ತಪ್ಪಾತು ಅಜ್ಜಿ.”

“ಇರ್ಲಿ ಬಿಡಪ್ಪ. ಬೇಗ ಕರ್ಕಂಬಾ ಅವನ್ನ. ರೊಟ್ಟಿ ತಿಂದು ಎಷ್ಟು ದಿನ ಆತೋ.”

“ಬರ್ತಾನೆ. ಆದ್ರೆ ಕೋರ್ಟಿನಾಗೆ ಫಿಲ್ಮ್ ಸುಳ್ಳು ಅಂದ್ರೆ, ಅದು ಯಾರ ತಲೆ ಅಂತ ಕೇಳ್ತಾರೆ. ಆ ಹೆಂಗಸನ್ನ ಹೆಸರಿಟ್ಟು ತೋರಿಸ್ಬೇಕು.” ಅವನು ಎದ್ದ. “ಅಂಜನಪ್ಪ, ಜೂನಿನ ರಿಜಿಸ್ಟರು.”

ಉದ್ದನೆಯ ಪುಸ್ತಕ ಬಂತು. ಜೂನ್ ಹದಿನಾಲ್ಕರ ಪುಟ. ಆರನೆಯ ಸಾಲು.

ರೋಗಿಯ ಹೆಸರಿನ ಜಾಗದಲ್ಲಿ ಹೆಸರೇ ಇರಲಿಲ್ಲ. ‘ಮುರುಗಪ್ಪ, ಬಾಗೂರು, ಕಡೆಯವರು’ ಎಂದಷ್ಟೇ. ಕರೆತಂದವನ ಹೆಸರನ್ನೇ ಬದಲಿ ನೌಕರ ಯಂತ್ರಕ್ಕೂ ಬರೆದಿದ್ದ. ಕಾರಣ: ಬಬ್ಬೂರಿನ ಹತ್ತಿರ ಬಿದ್ದು ಪೆಟ್ಟು. ಪಕ್ಕದಲ್ಲಿ ಸಣ್ಣಕ್ಷರದ ಟಿಪ್ಪಣಿ: ‘ಕರೆತಂದವರ ತಲೆಗೂ ಗಾಯ. ಸ್ಕ್ಯಾನ್ ಬೇಡ ಅಂದರು.’

ಲಕ್ಷ್ಮೀಕಾಂತ್ ಆ ಟಿಪ್ಪಣಿಯನ್ನು ಮತ್ತೊಮ್ಮೆ ಓದಿದ. ಒಂದೇ ದಿನ, ಒಂದೇ ಜಾಗ. ಇಬ್ಬರ ತಲೆಗೂ ಪೆಟ್ಟು. ಒಬ್ಬಳದು ಅರವತ್ತೆಂಟಾಗಿ ಆ ದಿನವೇ ಚಿತ್ರಕ್ಕೆ ಸಿಕ್ಕಿತ್ತು. ಇನ್ನೊಬ್ಬನದು ಒಂದು ತಿಂಗಳು ಒಳಗೇ ಕರಗುತ್ತ ಇಪ್ಪತ್ತೆರಡಾಗಿತ್ತು.

“ಈಕೆ ಬದುಕಿದಾಳಾ?” ಎಂದಳು ರಮ್ಯಾ ಮೆಲ್ಲಗೆ. “ಆ ರಕ್ತ ತುಂಬಾ ಇತ್ತು ಸಾರ್. ತಕ್ಷಣ ಆಪರೇಷನ್ ಆಗದಿದ್ರೆ...”

ಅವನು ಕೇಳಿಸಿಕೊಳ್ಳಲಿಲ್ಲ. ಅವನ ಬೆರಳು ಸಾಲಿನ ಕೊನೆಯ ಅಂಕಣದಲ್ಲಿ ನಿಂತಿತ್ತು. ‘ಮರುದಿನ ಕೌಂಟರಿನಲ್ಲಿ ಫಿಲ್ಮ್ ಪಡೆದವರು.’ ಅಲ್ಲಿ, ವಯಸ್ಕರ ಶಾಲೆಯಲ್ಲಿ ತಿದ್ದಿ ಕಲಿತ ಗುಂಡಗಿನ, ನಡುಗುವ ಅಕ್ಷರಗಳಿದ್ದವು.

ಬಸಮ್ಮ.

ಅವನು ಪುಸ್ತಕವನ್ನು ಹಾಗೇ ಅವಳ ಮುಂದೆ ನೆಲದ ಮೇಲೆ ಇಟ್ಟ. ಬಸಮ್ಮ ತನ್ನ ಅಕ್ಷರವನ್ನು ತಾನೇ ನೋಡಿದಳು. ಸ್ವಲ್ಪ ಹೊತ್ತಿನ ಹಿಂದೆ ಅವಳ ಮುಖಕ್ಕೆ ಬಂದಿದ್ದ ಬೆಳಕು ಒಂದೊಂದೇ ಗೆರೆಯಿಂದ ಇಳಿದುಹೋಯಿತು.

“ನಿನಗೆ ಗೊತ್ತಿತ್ತು,” ಎಂದ ಲಕ್ಷ್ಮೀಕಾಂತ್. “ಮಗನ ತಲೆಗೆ ಪೆಟ್ಟು ಬಿದ್ದ ದಿನ, ಜಾಗ, ಎಲ್ಲಾ ಗೊತ್ತಿತ್ತು. ಹನ್ನೆರಡು ಸಲ ಬಂದೆ. ಒಂದು ಸಲಾನೂ ಹೇಳ್ಲಿಲ್ಲ.”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಯಾರು ಅಜ್ಜಿ ಆಕಿ? ಹೆಸರು ಹೇಳು. ಹೆಸರು ಸಿಕ್ರೆ ನಾಳೆನೇ ಕೊಟ್ರೇಶನ ಪರವಾಗಿ ನಾನೇ ಬರೆದು ಕೊಡ್ತೀನಿ. ಹೊರಗೆ ಬರ್ತಾನೆ.”

ಬಸಮ್ಮ ರಿಜಿಸ್ಟರನ್ನು ಎರಡು ಕೈಯಿಂದ ಮುಚ್ಚಿದಳು. ಮುಚ್ಚಿ, ಅದರ ಮೇಲೆ ಅಂಗೈ ಊರಿ ಕೂತಳು.

“ಹೇಳಿದ್ರೆ,” ಎಂದಳು, “ಬಬ್ಬೂರಿನಾಗೆ ಇಬ್ರ ತಲೆಗೂ ಹೊಡೆದೋನು ಯಾರು ಅಂತಾನೂ ಹೇಳ್ಬೇಕಾಗ್ತೈತೆ. ಆಗ ಕೊಟ್ರ ಯಾವತ್ತೂ ಹೊರಗೆ ಬರಾದಿಲ್ಲ ಸಾಹೇಬ್ರೆ.”